ಒಂದು ಲೀಟರು ಡೀಸೆಲಿಗೆ ಎಷ್ಟು ದೂರ?

ಕಳೆದ ಮೇ ತಿಂಗಳ ಒಂದು ಶನಿವಾರ, ವಾಚನಾಲಯದ ಬಾಗಿಲು ಹಾಕುವ ಹೊತ್ತಿಗೆ, ನಮ್ಮ ಬಂಧುವೊಬ್ಬರು ಒಳಗೆ ಬಂದು ಪತ್ರಿಕೆಗಳ ಮೇಜಿನ ಮುಂದೆ ಕುಳಿತರು. ಜೇಬಿನಿಂದ ರಬ್ಬರು ಸುತ್ತಿದ ಒಂದು ಕಟ್ಟು ಚೀಟಿಗಳನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಎಲ್ಲವೂ ಡೀಸೆಲ್ ಹಾಕಿಸಿದ ರಸೀತಿಗಳು. ಇವರು ಕುಂದಾಪುರ ತಾಲ್ಲೂಕಿನವರು. ವಾಶಿಯ ಮಾರುಕಟ್ಟೆಯಿಂದ ಮರೋಳದ ಕಡೆಯ ಕ್ಯಾಂಟೀನುಗಳಿಗೆ ತರಕಾರಿ, ತೆಂಗಿನಕಾಯಿ, ಅಕ್ಕಿ ತಲುಪಿಸುವ ಡೀಸೆಲ್ ವ್ಯಾನಿನ ಚಾಲಕರು. ವ್ಯಾನಿನ ಧಣಿಗಳೂ ಊರ ಕಡೆಯವರೇ, ಇವರ ಪಕ್ಕದ ಗ್ರಾಮದವರು.

ಆ ದಿನ ಬೆಳಿಗ್ಗೆ ಧಣಿಗಳು ಒಂದು ಮಾತು ಕೇಳಿದ್ದರಂತೆ. “ಗಾಡಿ ಮೊದಲು ಹನ್ನೊಂದು ಕೊಡುತ್ತಿತ್ತು, ಈಗ ಒಂಬತ್ತೂವರೆ ಕೊಡುತ್ತದೆ. ಉಳಿದದ್ದು ಎಲ್ಲಿಗೆ ಹೋಗುತ್ತದೆ ಮಾರಾಯ?” ಅಷ್ಟೇ ಮಾತು. ಬಾಯಿ ಬಿಟ್ಟು ಕಳ್ಳ ಎನ್ನಲಿಲ್ಲ. ಆದರೆ ಆರು ವರ್ಷ ಒಂದೇ ಗಾಡಿ ಓಡಿಸಿದ ಮನುಷ್ಯನಿಗೆ ಅದರ ಅರ್ಥ ತಿಳಿಯದೆ ಇರುತ್ತದೆಯೆ? “ನಾನು ಓದಿದ್ದು ಏಳನೆಯ ಕ್ಲಾಸು. ಇಲ್ಲಿ ಲೆಕ್ಕ ಬರೆಯುವವರು ಇದ್ದಾರಲ್ಲ, ಈ ಚೀಟಿಗಳನ್ನು ನೋಡಿ ಸತ್ಯ ಏನು ಎಂದು ಹೇಳಿ” ಎಂದರು ಅವರು.

ಬಾಗಿಲು ಹಾಕುವುದು ಆ ರಾತ್ರಿ ತಡವಾಯಿತು. ಅಂದು ನಾವು ಕಲಿತದ್ದನ್ನೂ ಆಮೇಲೆ ಕೇಳಿ, ನೋಡಿ ತಿಳಿದುಕೊಂಡದ್ದನ್ನೂ ಈ ಸಂಚಿಕೆಯ ಪಾಠವಾಗಿ ಕೊಡುತ್ತಿದ್ದೇವೆ. ನಮ್ಮ ವಾಚಕರಲ್ಲಿ ಶಾಲೆಯ ವ್ಯಾನು ಓಡಿಸುವವರು ಇದ್ದಾರೆ, ಹೋಟೆಲಿನ ಸಾಮಾನು ತರುವವರು ಇದ್ದಾರೆ, ಸಾಲ ಮಾಡಿ ಟೆಂಪೋ ಕೊಂಡವರು ಇದ್ದಾರೆ. ಗಾಡಿ ಇಲ್ಲದ ಗುಮಾಸ್ತ ಬಂಧುಗಳು ಪುಟ ತಿರುವಬಾರದು. ಈ ಕತೆಯಲ್ಲಿ ಅವರ ಕೆಲಸವೇ ಹೆಚ್ಚಿನದು.

ಮೊದಲು ಹಣದ ಮಾತು. ಡೀಸೆಲ್ ಪೆಟ್ರೋಲಿಗಿಂತ ಬಹಳ ಅಗ್ಗ ಎಂಬ ಕಾಲ ಒಂದಿತ್ತು. ಸರಕಾರ ದರವನ್ನು ಕೆಳಗೆ ಹಿಡಿದಿಟ್ಟಿತ್ತು. 2014ರ ಅಕ್ಟೋಬರಿನಲ್ಲಿ ಆ ಹಿಡಿತ ಬಿಟ್ಟರು. 2017ರ ಜೂನ್ 16ರಿಂದ ದರ ದಿನದಿನವೂ ಬದಲಾಗಬಹುದಾದ ಕ್ರಮ ದೇಶಕ್ಕೆಲ್ಲ ಬಂತು. 2024ರ ಜುಲೈಯಲ್ಲಿ ಮಹಾರಾಷ್ಟ್ರ ಸರಕಾರ ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ಡೀಸೆಲಿನ ಮೇಲಿನ ತೆರಿಗೆಯನ್ನು ನೂರಕ್ಕೆ 24ರಿಂದ 21ಕ್ಕೆ ಇಳಿಸಿದಾಗ ಲೀಟರಿಗೆ ಸುಮಾರು ಎರಡು ರೂಪಾಯಿ ಕಡಿಮೆಯಾಯಿತು. ದರ ನಮ್ಮ ಕೈಯಲ್ಲಿಲ್ಲ. ಲೆಕ್ಕಕ್ಕೆ ಸುಲಭವಾಗಲೆಂದು ಲೀಟರಿಗೆ 90 ರೂಪಾಯಿ ಎಂದು ಹಿಡಿಯೋಣ. ದಿನಕ್ಕೆ 70 ಕಿಲೋಮೀಟರು, ತಿಂಗಳಿಗೆ 25 ದಿನ ಓಡಿದರೆ 1,750 ಕಿಲೋಮೀಟರು. ಲೀಟರಿಗೆ 11ರಂತೆ ಓಡಿದರೆ 159 ಲೀಟರು ಬೇಕು. ಒಂಬತ್ತೂವರೆಯಂತೆ ಓಡಿದರೆ 184 ಲೀಟರು. ವ್ಯತ್ಯಾಸ 25 ಲೀಟರು, ಅಂದರೆ 2,250 ರೂಪಾಯಿ. ಧಣಿಗಳಿಗೆ ಸಂಶಯ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಮೂರು ತಿಂಗಳು ಹೀಗೆಯೇ ಹೋದರೆ ಒಂದು ಜೊತೆ ಟಯರಿನ ಹಣದಷ್ಟಾಗುತ್ತದೆ.

ಊರಿನಲ್ಲಿ ನಾವು ಮೈಲೇಜು ಎನ್ನುವುದನ್ನು ಮುಂಬಯಿಯ ಚಾಲಕರು ‘ಎವರೇಜ್’ ಎನ್ನುತ್ತಾರೆ. ಹೆಸರು ಸರಿಯಾಗಿದೆ, ಏಕೆಂದರೆ ಅದು ಸರಾಸರಿಯೇ ಹೊರತು ಬೇರೆ ಏನೂ ಅಲ್ಲ. ಆದರೆ ಸರಾಸರಿ ತೆಗೆಯುವ ರೀತಿ ಬಹಳ ಜನಕ್ಕೆ ತಪ್ಪಿಹೋಗುತ್ತದೆ. ಸರಿಯಾದ ರೀತಿ ಹೀಗೆ: ಟ್ಯಾಂಕನ್ನು ಪೂರ್ತಿ ತುಂಬಿಸತಕ್ಕದ್ದು, ಅಂದರೆ ಪಂಪಿನ ಕೊಳವೆ ತಾನಾಗಿ ಟಕ್ ಎಂದು ನಿಲ್ಲುವ ತನಕ. ಆಮೇಲೆ ಅದರ ಮೇಲೆ ಹನಿ ಸೇರಿಸಬಾರದು. ಮೀಟರಿನ ಅಂಕಿಯನ್ನು ಬರೆದುಕೊಳ್ಳತಕ್ಕದ್ದು. ಮುಂದಿನ ಸಲ ಅದೇ ಪಂಪಿಗೆ ಹೋಗಿ ಅದೇ ರೀತಿ ತುಂಬಿಸಿ ಮತ್ತೆ ಅಂಕಿ ಬರೆಯುವುದು. ಎರಡು ಅಂಕಿಗಳ ನಡುವಿನ ದೂರವನ್ನು ಎರಡನೆಯ ಸಲ ಹಾಕಿಸಿದ ಲೀಟರುಗಳಿಂದ ಭಾಗಿಸಿದರೆ ಆಯಿತು. ದೂರ 312 ಕಿಲೋಮೀಟರು, ಹಿಡಿದದ್ದು 27.3 ಲೀಟರು ಆದರೆ ಉತ್ತರ 11.4. ಮೊದಲನೆಯ ಸಲ ಎಷ್ಟು ಲೀಟರು ಹಿಡಿಯಿತು ಎಂಬುದು ಈ ಲೆಕ್ಕಕ್ಕೆ ಬೇಡ. ಇಲ್ಲಿಯೇ ಹಲವರು ಮುಗ್ಗರಿಸುವುದು.

ಇನ್ನೊಂದು ಮುಗ್ಗರಿಕೆ ನಮ್ಮ ಗುಮಾಸ್ತರದು. ಒಂದು ಸಲ 100 ಕಿಲೋಮೀಟರಿಗೆ 8 ಲೀಟರು, ಅಂದರೆ ಲೀಟರಿಗೆ 12.5. ಇನ್ನೊಂದು ಸಲ 200 ಕಿಲೋಮೀಟರಿಗೆ 20 ಲೀಟರು, ಅಂದರೆ ಲೀಟರಿಗೆ 10. ಇವೆರಡನ್ನು ಕೂಡಿಸಿ ಅರ್ಧ ಮಾಡಿದರೆ 11.25 ಬರುತ್ತದೆ. ಅದು ತಪ್ಪು. ಓಡಿದ್ದು ಒಟ್ಟು 300, ಕುಡಿದದ್ದು ಒಟ್ಟು 28. ಆದುದರಿಂದ ಸರಿಯುತ್ತರ 10.7. ಒಟ್ಟನ್ನು ಒಟ್ಟಿನಿಂದಲೇ ಭಾಗಿಸಬೇಕು.

ನಮ್ಮ ಬಂಧುವಿನ ಚೀಟಿಗಳಿಗೆ ಬರೋಣ. ಅವರು ಒಮ್ಮೆಯೂ ಟ್ಯಾಂಕು ತುಂಬಿಸಿದವರಲ್ಲ. ಧಣಿಗಳು ಕೊಟ್ಟ ಹಣಕ್ಕೆ ತಕ್ಕಂತೆ ಒಂದು ದಿನ ಸಾವಿರದ್ದು, ಇನ್ನೊಂದು ದಿನ ಎರಡು ಸಾವಿರದ್ದು. ಹೀಗಾಗಿ ಒಂದೊಂದು ಚೀಟಿಗೆ ಬೇರೆಬೇರೆ ಲೆಕ್ಕ ಮಾಡಿದರೆ ಒಮ್ಮೆ 8, ಒಮ್ಮೆ 13 ಬರುತ್ತಿತ್ತು. ಆದರೆ ಅವರಲ್ಲಿ ಒಂದು ಒಳ್ಳೆಯ ಅಭ್ಯಾಸವಿತ್ತು. ಪ್ರತಿ ಚೀಟಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಮೀಟರಿನ ಅಂಕಿ ಬರೆದಿಡುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಬಲ್ಲಾರ್ಡ್ ಎಸ್ಟೇಟಿನ ಒಂದು ಆಫೀಸಿನಲ್ಲಿ ಲೆಡ್ಜರು ಬರೆಯುವ ನಮ್ಮ ಸದಸ್ಯರೊಬ್ಬರು ಚೀಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ತಿಂಗಳು ತಿಂಗಳಿಗೆ ಒಟ್ಟು ಮಾಡಿದರು. ಇಡೀ ತಿಂಗಳಿನ ಲೆಕ್ಕದಲ್ಲಿ ಟ್ಯಾಂಕಿನ ಏರಿಳಿತ ಅಷ್ಟಾಗಿ ಕೆಡಿಸುವುದಿಲ್ಲ. ಜನವರಿಯಲ್ಲಿ 1,742 ಕಿಲೋಮೀಟರಿಗೆ 158 ಲೀಟರು, ಅಂದರೆ 11. ಫೆಬ್ರವರಿಯಲ್ಲಿ 10.9. ಮಾರ್ಚಿನಲ್ಲಿ 9.8. ಏಪ್ರಿಲಿನಲ್ಲಿ 1,731 ಕಿಲೋಮೀಟರಿಗೆ 183 ಲೀಟರು, ಅಂದರೆ 9.5.

ಸದಸ್ಯರು ಕನ್ನಡಕ ತೆಗೆದು, “ಇದು ಮೆಲ್ಲಮೆಲ್ಲನೆ ಇಳಿದದ್ದಲ್ಲ, ಮಾರ್ಚಿನಲ್ಲಿ ಏನೋ ಆಗಿದೆ. ಆ ತಿಂಗಳು ಗಾಡಿಗೆ ಏನು ಮಾಡಿಸಿದಿರಿ? ದಾರಿ ಬದಲಾಯಿತೆ?” ಎಂದು ಕೇಳಿದರು. ಚಾಲಕರು ಸ್ವಲ್ಪ ಹೊತ್ತು ಯೋಚಿಸಿ ಎರಡು ಸಂಗತಿ ಹೇಳಿದರು. ಹೋಳಿಯ ಮುಂಚೆ ಒಂದು ಗ್ಯಾರೇಜಿನಲ್ಲಿ ಹಿಂದಿನ ಬ್ರೇಕುಗಳ ಲೈನರ್ ಬದಲಾಯಿಸಿ ಹ್ಯಾಂಡ್‌ಬ್ರೇಕು ಬಿಗಿ ಮಾಡಿಸಿದ್ದರು. ಅದೇ ತಿಂಗಳಿಂದ ಒಂದು ಕ್ಯಾಂಟೀನಿನ ಗೇಟಿನಲ್ಲಿ ಹೊಸ ಪಾಸಿನ ಪದ್ಧತಿ ಬಂದು, ದಿನವೂ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಲ್ಲಬೇಕಾಗಿತ್ತು. “ಸಾಲು ಆಗಾಗ ಮುಂದೆ ಸರಿಯುತ್ತದಲ್ಲ, ಎಂಜಿನ್ ಬಂದ್ ಮಾಡುವುದಿಲ್ಲ. ಬಿಸಿಲಿಗೆ ಎ.ಸಿ.ಯೂ ಇರುತ್ತದೆ.”

ಇವೆರಡು ಸಂಗತಿಗಳು ಇಪ್ಪತ್ತೈದು ಲೀಟರು ತಿಂದಾವೆ ಎಂಬುದನ್ನು ತಿಳಿಯಲು ಡೀಸೆಲ್ ಎಂಜಿನಿನ ಒಳಗೆ ಸ್ವಲ್ಪ ಇಣಿಕಿ ನೋಡಬೇಕು.

ಪೆಟ್ರೋಲ್ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇರುತ್ತದೆ. ಡೀಸೆಲಿನಲ್ಲಿ ಕಿಡಿ ಇಲ್ಲ. ಸಿಲಿಂಡರಿಗೆ ಬಂದ ಗಾಳಿಯನ್ನು ಪಿಸ್ಟನ್ನು ಹದಿನಾರರಿಂದ ಇಪ್ಪತ್ತು ಪಾಲಿನಷ್ಟು ಚಿಕ್ಕ ಜಾಗಕ್ಕೆ ಒತ್ತುತ್ತದೆ. ಸೈಕಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿದ್ದೇವೆ. ಇಲ್ಲಿ ಅದೇ ಬಿಸಿ 500 ಡಿಗ್ರಿಯನ್ನೂ ಮೀರುತ್ತದೆ. ಆ ಕಾದ ಗಾಳಿಗೆ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದೊಡನೆ ಅದು ತಾನೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತ ಆಗ್ಸ್‌ಬರ್ಗ್ ಪಟ್ಟಣದಲ್ಲಿ 1897ರಲ್ಲಿ ಈ ಎಂಜಿನನ್ನು ಪರೀಕ್ಷಿಸಿ ತೋರಿಸಿದಾಗ, ಇಂಧನದ ಶಕ್ತಿಯಲ್ಲಿ ನೂರಕ್ಕೆ 26 ಪಾಲು ಕೆಲಸಕ್ಕೆ ಬಂತು. ಆ ಕಾಲದ ಉಗಿಯಂತ್ರಗಳು ಅದರ ಅರ್ಧವನ್ನೂ ಕೊಡುತ್ತಿರಲಿಲ್ಲ. ಈಗಿನ ವ್ಯಾನುಗಳ ಎಂಜಿನು ಚೆನ್ನಾಗಿ ಓಡುವಾಗ ಮೂರರಲ್ಲಿ ಒಂದು ಪಾಲಿಗೂ ಮಿಕ್ಕಿ ಕೊಡುತ್ತದೆ. ಉಳಿದದ್ದು ಹೊಗೆಯ ಬಿಸಿಯಾಗಿ ಸೈಲೆನ್ಸರಿನಿಂದಲೂ, ನೀರಿನ ಬಿಸಿಯಾಗಿ ರೇಡಿಯೇಟರಿನಿಂದಲೂ ಹೊರಗೆ ಹೋಗುತ್ತದೆ. ಅದನ್ನು ನಾವು ತಡೆಯಲಾರೆವು. ಕೈಗೆ ಬಂದ ಆ ಒಂದು ಪಾಲನ್ನು ಚಾಲಕ ಏನು ಮಾಡುತ್ತಾನೆ ಎಂಬುದೇ ನಮ್ಮ ವಿಷಯ.

ಸಾಮಾನು ಸೇರಿ ಎರಡು ಟನ್ನು ತೂಗುವ ವ್ಯಾನು ನಿಂತಲ್ಲಿಂದ ಹೊರಟು 50 ಕಿಲೋಮೀಟರು ವೇಗ ಮುಟ್ಟಿತೆನ್ನಿ. ಆ ವೇಗವನ್ನು ಗಾಡಿಗೆ ಕೊಡುವುದಕ್ಕಷ್ಟೇ ಸುಮಾರು 16 ಮಿಲಿಲೀಟರು ಡೀಸೆಲ್ ಖರ್ಚಾಗುತ್ತದೆ. ಕೆಮ್ಮಿನ ಔಷಧದ ಬಾಟಲಿಯ ಒಂದು ಮುಚ್ಚಳದಷ್ಟು. ನೂರು ಗಜ ಮುಂದೆ ಕೆಂಪು ದೀಪ ಕಂಡು ಬ್ರೇಕು ಒತ್ತಿದರೆ ಆ ಮುಚ್ಚಳದಷ್ಟು ಡೀಸೆಲ್ ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಯಿತು. ಹೀಗೆ ಅರವತ್ತು ಸಲ ಮಾಡಿದರೆ ಒಂದು ಲೀಟರಿಗೆ ಹತ್ತಿರ. ವೇಗ 50ರ ಬದಲು 30 ಇದ್ದರೆ ಒಂದೊಂದು ಸಲಕ್ಕೆ ಹೋಗುವುದು 6 ಮಿಲಿಲೀಟರು ಮಾತ್ರ, ಏಕೆಂದರೆ ಈ ಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ. ಸಾಕಿನಾಕಾದಲ್ಲಿ ಎರಡು ಸಿಗ್ನಲುಗಳ ನಡುವೆ ಹಾರಿ ಹೋಗಿ ಬ್ರೇಕು ಒತ್ತುವವನೂ, ಮುಂದಿನ ದೀಪ ಕೆಂಪೆಂದು ದೂರದಿಂದಲೇ ನೋಡಿ ಕಾಲು ಸಡಿಲಿಸಿ ತೇಲಿ ಬರುವವನೂ ಒಂದೇ ದೀಪದ ಕೆಳಗೆ ಒಟ್ಟಿಗೇ ನಿಲ್ಲುತ್ತಾರೆ. ಮುಂದೆ ಹೋದದ್ದೇನೂ ಇಲ್ಲ. ಬ್ರೇಕಿನ ಲೈನರು ಬೇಗ ಸವೆಯುವುದೂ ಮೊದಲನೆಯವನದೇ.

ಇಲ್ಲಿ ಧಣಿಗಳಿಗೂ ಒಂದು ಮಾತು ಹೇಳಬೇಕು. ಎಂಟು ಗಂಟೆಗೆ ಕಾಯಿಪಲ್ಲೆ ಮುಟ್ಟಲಿಲ್ಲವೆಂದು ದಿನವೂ ಫೋನಿನಲ್ಲಿ ಗದರಿಸಿದರೆ ಚಾಲಕ ಹಾರಿಸಿಯೇ ಓಡಿಸುತ್ತಾನೆ. ಆ ಹಾರಾಟದ ಡೀಸೆಲಿನ ಲೆಕ್ಕ ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಬೈಕಳಾದ ಸಗಟು ತರಕಾರಿ ಪೇಟೆ ತೊಂಬತ್ತರ ದಶಕದಲ್ಲಿ ವಾಶಿಗೆ ಹೋದ ಮೇಲೆ ಉಪನಗರದ ಹೋಟೆಲುಗಳಿಗೆ ಖಾಡಿಯ ಸೇತುವೆ ದಾಟಿ ಬರುವುದು ತಪ್ಪಿದ್ದಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ವಾಶಿ ಬಿಟ್ಟ ವ್ಯಾನು ಮಾನಖುರ್ದ್, ಚೆಂಬೂರು, ಕುರ್ಲಾ ದಾಟಿ ಮರೋಳಕ್ಕೆ ಬರಲು ಎಷ್ಟು ಸಲ ನಿಲ್ಲುತ್ತದೆ, ಏಳು ಗಂಟೆಗೆ ಬಿಟ್ಟದ್ದು ಎಷ್ಟು ಸಲ ನಿಲ್ಲುತ್ತದೆ ಎಂದು ಒಂದು ವಾರ ಎಣಿಸಿ ನೋಡಿರಿ. ಹೊರಡುವ ಹೊತ್ತನ್ನು ಗೊತ್ತುಮಾಡುವವರು ಧಣಿಗಳು, ಚಾಲಕನಲ್ಲ.

ಈಗ ಆ ಬ್ರೇಕಿನ ವಿಷಯ. ಮರುದಿನ ಭಾನುವಾರ ನಾವು ಇಬ್ಬರು ಚಾಲಕರ ಜೊತೆ ಹೋದೆವು. ಹತ್ತು ನಿಮಿಷ ಓಡಿಸಿ, ಬ್ರೇಕು ಹೆಚ್ಚು ಬಳಸದೆ ಮೆಲ್ಲನೆ ನಿಲ್ಲಿಸಿ, ನಾಲ್ಕು ಚಕ್ರಗಳ ಹತ್ತಿರವೂ ಅಂಗೈಯ ಹಿಂಬದಿಯನ್ನು ಹಿಡಿದು ನೋಡಿದೆವು. ಮುಟ್ಟಬಾರದು, ಸುಡುತ್ತದೆ. ಹಿಂದಿನ ಎಡಚಕ್ರ ಉಳಿದವುಗಳಿಗಿಂತ ಬಹಳ ಬಿಸಿ. ಸಮನೆಲದಲ್ಲಿ ನ್ಯೂಟ್ರಲಿಗೆ ಹಾಕಿ ತಳ್ಳಿದರೆ ಗಾಡಿ ಒಲ್ಲೆನೆಂದು ನಿಂತಿತು. ಜ್ಯಾಕಿ ಕೊಟ್ಟು ಎತ್ತಿ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೆ ನಿಲ್ಲುತ್ತಿತ್ತು. ಹ್ಯಾಂಡ್‌ಬ್ರೇಕಿನ ತಂತಿ ಬಿಟ್ಟಾಗಲೂ ಪೂರ್ತಿ ಸಡಿಲವಾಗುತ್ತಿರಲಿಲ್ಲ. ಎರಡು ತಿಂಗಳು ಆ ಗಾಡಿ ಒಂದು ಕಾಲಿಗೆ ಹಗ್ಗ ಕಟ್ಟಿದ ಎತ್ತಿನಂತೆ ಓಡಿತ್ತು. ಸರಿಪಡಿಸಲು ಬೇರೆ ಮೇಸ್ತ್ರಿಗೆ ಅರ್ಧ ಗಂಟೆ ಸಾಕಾಯಿತು. ಮಳೆಗಾಲದಲ್ಲಿ ಈ ತೊಂದರೆ ತಾನಾಗಿಯೂ ಬರುತ್ತದೆ. ನೀರು ನಿಂತ ರಸ್ತೆಯಲ್ಲಿ ಓಡಿಸಿ, ರಾತ್ರಿ ಹ್ಯಾಂಡ್‌ಬ್ರೇಕು ಎಳೆದು ನಿಲ್ಲಿಸಿದ ಗಾಡಿಯ ಬ್ರೇಕು ತುಕ್ಕಿಗೆ ಹಿಡಿದುಕೊಳ್ಳುತ್ತದೆ. ಕೈಯಿಂದ ಬಿಸಿ ನೋಡುವ ಅಭ್ಯಾಸವನ್ನು ತಿಂಗಳಿಗೊಮ್ಮೆ ಇಟ್ಟುಕೊಂಡರೆ ಖರ್ಚಿಲ್ಲ.

ಗೇಟಿನ ಸಾಲಿನ ಲೆಕ್ಕ ಇನ್ನೂ ಸುಲಭ. ಇಂಥ ವ್ಯಾನಿನ ಎಂಜಿನು ನಿಂತಲ್ಲೇ ಓಡುತ್ತಿದ್ದರೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರು ಸುಡುತ್ತದೆ, ಎ.ಸಿ. ಇದ್ದರೆ ಮೇಲಿನ ಅಂಕಿಯೇ ಖರೆ. ದಿನಕ್ಕೆ ಮುಕ್ಕಾಲು ಗಂಟೆ, 25 ದಿನಕ್ಕೆ ಸುಮಾರು 19 ಗಂಟೆ. ಗಂಟೆಗೆ 0.6 ಲೀಟರು ಹಿಡಿದರೂ 11 ಲೀಟರಾಯಿತು. ಒಂದು ಅಡಿ ದೂರವೂ ಹೋಗದೆ ತಿಂಗಳಿಗೆ ಸಾವಿರ ರೂಪಾಯಿ! ಕಾಣೆಯಾದ 25ರಲ್ಲಿ 11 ಲೀಟರು ಇಲ್ಲಿ ಸಿಕ್ಕಿತು. ಉಳಿದ 14ರಲ್ಲಿ ಹೆಚ್ಚಿನದು ಆ ಎಡಚಕ್ರದ್ದೆಂದು ನಮ್ಮ ಅಂದಾಜು.

ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದಲ್ಲಿ ಎಂಜಿನ್ ಬಂದ್ ಮಾಡುವುದು ಒಳ್ಳೆಯದು. ಸ್ಟಾರ್ಟು ಮಾಡುವಾಗ ಹೆಚ್ಚು ಡೀಸೆಲ್ ಹೋಗುತ್ತದೆ ಎಂಬುದು ಹಳೆಯ ನಂಬಿಕೆ. ಬಿಸಿಯಾದ ಎಂಜಿನಿಗೆ ಕೆಲವು ಸೆಕೆಂಡು ಐಡಲಿಂಗಿನಲ್ಲಿ ಹೋಗುವಷ್ಟೇ ಸಾಕು. ಎರಡು ಎಚ್ಚರಿಕೆಗಳುಂಟು. ಟರ್ಬೋ ಇರುವ ಗಾಡಿ ಹೆದ್ದಾರಿಯಲ್ಲಿ ಭರದಿಂದ ಓಡಿ ಬಂದಿದ್ದರೆ ಅರ್ಧ ನಿಮಿಷ ಹಾಗೆಯೇ ಬಿಟ್ಟು ಆಮೇಲೆ ಬಂದ್ ಮಾಡುವುದು. ಫ್ಲೈಓವರಿನ ಏರಿನಲ್ಲಿ ಸಿಕ್ಕಿಕೊಂಡಾಗ ಬಂದ್ ಮಾಡಬಾರದು, ಏಕೆಂದರೆ ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ವ್ಯಾಕ್ಯೂಮಿನ ಸಹಾಯವೂ ನಿಲ್ಲುತ್ತದೆ. ಅಂಥ ಏರಿನಲ್ಲಿ ಹಾಫ್ ಕ್ಲಚ್ಚಿನ ಮೇಲೆ ಗಾಡಿಯನ್ನು ತೂಗಿ ನಿಲ್ಲಿಸುವ ಚಮತ್ಕಾರವೂ ಬೇಡ. ಡೀಸೆಲಿಗಿಂತ ಕ್ಲಚ್ ಪ್ಲೇಟು ದುಬಾರಿ. ಇದಕ್ಕೆ ಹ್ಯಾಂಡ್‌ಬ್ರೇಕು ಇದೆ. ಕಾಯುವಿಕೆಯ ಮಾತು ಬಂದುದರಿಂದ ನೆನಪಾಯಿತು: 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದು ಜಕಾತಿ ಹೋಗುವ ತನಕ ಮುಲುಂಡ್, ದಹಿಸರ್ ನಾಕಾಗಳಲ್ಲಿ ಸರಕಿನ ಗಾಡಿಗಳ ಸಾಲು ಎಷ್ಟು ಉದ್ದ ನಿಲ್ಲುತ್ತಿತ್ತು ಎಂಬುದನ್ನು ನಮ್ಮ ಹಿರಿಯ ಚಾಲಕರು ಹೇಳಬಲ್ಲರು. ಅಲ್ಲಿ ಸುಟ್ಟ ಡೀಸೆಲಿನ ಲೆಕ್ಕವನ್ನು ಯಾರೂ ಇಟ್ಟಿರಲಾರರು.

ಗೇರಿನ ವಿಷಯದಲ್ಲಿ ಪೆಟ್ರೋಲ್ ಗಾಡಿಯಿಂದ ಬಂದವರು ತಪ್ಪು ಮಾಡುತ್ತಾರೆ. ಡೀಸೆಲ್ ಎಂಜಿನಿನ ಬಲ ಕೆಳಗಿನ ಸುತ್ತುಗಳಲ್ಲಿಯೇ ಇದೆ. ಕಿರಿಚುವ ತನಕ ಎಳೆಯದೆ, ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲಿ ಮೇಲಿನ ಗೇರಿಗೆ ಹಾಕಬಹುದು. ಗಾಡಿ ನಡುಗಿ ಗುದ್ದತೊಡಗಿದರೆ ಮಾತ್ರ ಅದು ತೀರ ಬೇಗವಾಯಿತೆಂದು ತಿಳಿಯತಕ್ಕದ್ದು. ವೇಗದ ಬಗ್ಗೆ ಕೇಂದ್ರ ಸರಕಾರದ ಪೆಟ್ರೋಲಿಯಂ ಸಂರಕ್ಷಣ ಸಂಶೋಧನ ಸಂಘದವರು (1978ರಲ್ಲಿ ಸ್ಥಾಪನೆಯಾದದ್ದು) 45ರಿಂದ 55 ಕಿಲೋಮೀಟರು ಒಳ್ಳೆಯದೆಂದು ಹೇಳುತ್ತ ಬಂದಿದ್ದಾರೆ. ವ್ಯಾನೆಂದರೆ ಗಾಳಿಗೆ ಎದುರಾಗಿ ನಿಲ್ಲಿಸಿದ ಕಪಾಟಿನ ಹಾಗೆ. 60ರಲ್ಲಿ ಗಾಳಿ ತಡೆಯುವುದಕ್ಕಿಂತ 80ರಲ್ಲಿ ಹೆಚ್ಚುಕಡಿಮೆ 1.8 ಪಟ್ಟು ತಡೆಯುತ್ತದೆ. ಮಾಡಿನ ಮೇಲೆ ಖಾಲಿ ಕ್ಯಾರಿಯರು, ಹಾರಾಡುವ ತಾಡಪತ್ರಿ ಇದ್ದರೆ ಇನ್ನೂ ಹೆಚ್ಚು.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಅಭ್ಯಾಸದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಬರೆಯಬೇಕಾಗಿದೆ. ಖಂಡಾಳಾ ಘಾಟಿಯಲ್ಲಿ ಹೀಗೆ ಇಳಿದು ಡೀಸೆಲ್ ಉಳಿಸಿದೆವೆಂದು ಹೆಮ್ಮೆ ಪಡುವವರು ನಮ್ಮಲ್ಲಿ ಇದ್ದಾರೆ. ಉಳಿಯುವುದು ಸುಳ್ಳು. ಗೇರಿನಲ್ಲಿಯೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ಆಗ ಪಂಪು ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲಿಗೆ ಹಾಕಿದರೆ ಎಂಜಿನ್ ಸಾಯದಂತೆ ನೋಡಿಕೊಳ್ಳಲು ಪಂಪು ಡೀಸೆಲ್ ಕೊಡುತ್ತಲೇ ಇರಬೇಕು. ಉಳಿಸಲು ಹೋಗಿ ಖರ್ಚು ಮಾಡಿದಂತಾಯಿತು. ಇತ್ತ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು, ಬೇಕಾದ ತಿರುವಿನಲ್ಲಿ ಹಿಡಿಯದೆ ಹೋಗುತ್ತದೆ. ಎಂಜಿನನ್ನೇ ಬಂದ್ ಮಾಡಿ ಇಳಿಯುವ ಮಹಾನುಭಾವರ ವಿಷಯ ಬರೆಯಲು ನಮಗೆ ಕೈ ಬರುವುದಿಲ್ಲ.

ಟಯರಿನ ಗಾಳಿಯನ್ನು ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟಯರು ತಣ್ಣಗಿರುವಾಗ ನೋಡಬೇಕು. ಎಷ್ಟು ಇರಬೇಕೆಂದು ಬಾಗಿಲಿನ ಒಳಬದಿಯ ಚೀಟಿಯಲ್ಲಿ ಬರೆದಿರುತ್ತದೆ. ಸರಕು ತುಂಬಿದಾಗ ಹಿಂದಿನ ಟಯರುಗಳಿಗೆ ಹೆಚ್ಚು. ಹತ್ತು ಪೌಂಡು ಕಡಿಮೆಯಿದ್ದರೆ ಡೀಸೆಲು ನೂರಕ್ಕೆ ಎರಡರಷ್ಟು ಹೆಚ್ಚು ಹೋಗುತ್ತದೆ. ಇದು ಸಣ್ಣದಾಗಿ ಕಂಡೀತು. ಆದರೆ ಟಯರು ಅಂಚಿನಲ್ಲಿ ಸವೆದು ಆಯುಷ್ಯ ಕಳೆದುಕೊಳ್ಳುವುದು ಸಣ್ಣದಲ್ಲ.

ಹೊಗೆಯನ್ನು ಓದಲು ಕಲಿಯಿರಿ. ಕಪ್ಪು ಹೊಗೆ ಎಂದರೆ ಪೂರ್ತಿ ಸುಡದ ಡೀಸೆಲ್, ನಿಮ್ಮದೇ ಹಣ. ಗಾಳಿಯ ಫಿಲ್ಟರು ಕಟ್ಟಿಕೊಂಡಿರಬಹುದು ಅಥವಾ ಡೀಸೆಲ್ ಚಿಮ್ಮಿಸುವ ನಾಝಲು ಕೆಟ್ಟಿರಬಹುದು. ಮೆಟ್ರೋ ಕಾಮಗಾರಿ, ಹೊಸ ಕಟ್ಟಡ, ಸಿಮೆಂಟಿನ ಧೂಳು ಇರುವ ದಾರಿಯಲ್ಲಿ ಓಡುವ ವ್ಯಾನಿನ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮೊದಲೇ ಬಿಚ್ಚಿ ನೋಡಬೇಕು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲು ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ಬಿಡದೆ ಬಂದರೆ ಮೇಸ್ತ್ರಿಯ ಹತ್ತಿರ ಹೋಗಲು ತಡಮಾಡಬಾರದು. ಮಳೆಗಾಲದಲ್ಲಿ ಡೀಸೆಲಿನೊಂದಿಗೆ ನೀರು ಸೇರುವುದುಂಟು. ಡೀಸೆಲ್ ಫಿಲ್ಟರಿನ ಅಡಿಯಲ್ಲಿ ನೀರು ಬಿಡುವ ಸಣ್ಣ ತಿರುಪು ಇರುತ್ತದೆ. ಅದನ್ನು ಆಗಾಗ ಬಿಚ್ಚಿ ಒಂದು ಗಾಜಿನ ಲೋಟಕ್ಕೆ ಬಿಟ್ಟು ನೋಡಿದರೆ ನೀರು ಅಡಿಯಲ್ಲಿ ಬೇರೆಯಾಗಿ ಕಾಣುತ್ತದೆ.

2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ಗಾಡಿಗಳವರಿಗೆ ಒಂದು ವಿಶೇಷ ಸೂಚನೆ. ಇವುಗಳಲ್ಲಿ ಬಹಳಷ್ಟಕ್ಕೆ ಹೊಗೆಯ ಮಸಿಯನ್ನು ಹಿಡಿಯುವ ಒಂದು ಜಾಲರಿ ಸೈಲೆನ್ಸರಿನ ದಾರಿಯಲ್ಲಿ ಇದೆ. ಮಸಿ ತುಂಬಿದಾಗ ಗಾಡಿ ತಾನೇ ಸ್ವಲ್ಪ ಹೆಚ್ಚು ಡೀಸೆಲ್ ಸುಟ್ಟು, ಆ ಬಿಸಿಯಿಂದ ಮಸಿಯನ್ನು ಬೂದಿ ಮಾಡುತ್ತದೆ. ಇದಕ್ಕೆ ಒಂದಿಷ್ಟು ಹೊತ್ತು ಎಡೆಬಿಡದ ಓಟ ಬೇಕು. ಅಂಧೇರಿಯಿಂದ ಜೋಗೇಶ್ವರಿಗೆ, ಜೋಗೇಶ್ವರಿಯಿಂದ ಅಂಧೇರಿಗೆ ತೆವಳುವ ವ್ಯಾನಿಗೆ ಅದು ಸಿಗುವುದಿಲ್ಲ. ಗಾಡಿ ಅರ್ಧಕ್ಕೆ ನಿಂತು ನಿಂತು ಮತ್ತೆ ಮೊದಲಿನಿಂದ ಸುಡುತ್ತದೆ, ಎವರೇಜ್ ಇಳಿಯುತ್ತದೆ. ದೀಪ ಹತ್ತಿದರೆ ಬೆಳಗಿನ ಜಾವ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ ಬರುವುದೇ ಅಗ್ಗದ ಔಷಧ. ನಮ್ಮಲ್ಲಿ ಕೆಲವರು ಆ ದೀಪವನ್ನು ಎಂಜಿನಿನ ದೀಪವೆಂದು ತಿಳಿದು ಹೆದರಿ, ಓಡಿಸುವುದನ್ನೇ ನಿಲ್ಲಿಸುತ್ತಾರೆ. ಪುಸ್ತಕದಲ್ಲಿ ಚಿತ್ರವಿದೆ, ನೋಡಿಕೊಳ್ಳಬೇಕು. ಇಂಗ್ಲಿಷ್ ಓದಲು ಬಾರದವರು ಪುಸ್ತಕವನ್ನು ವಾಚನಾಲಯಕ್ಕೆ ತಂದರೆ ಓದಿ ಹೇಳುತ್ತೇವೆ.

ಪಂಪಿನವರ ಅಳತೆಯ ಮೇಲೆ ಸಂಶಯವಿದ್ದರೆ ಜಗಳ ಬೇಡ. ಪ್ರತಿ ಪಂಪಿನಲ್ಲಿಯೂ ಸರಕಾರದ ಮೊಹರು ಇರುವ ಐದು ಲೀಟರಿನ ಅಳತೆಯ ಪಾತ್ರೆ ಇರಬೇಕು. ಗಿರಾಕಿ ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. ಐದು ಲೀಟರಿಗೆ 25 ಮಿಲಿಲೀಟರಿನ ತನಕ ಹೆಚ್ಚುಕಡಿಮೆ ನಡೆಯುತ್ತದೆ. ಇನ್ನು ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ, ನೂರಕ್ಕೆ ಮೂವತ್ತು ಉಳಿತಾಯ ಎಂದು ಹೇಳಿ ಮಾರುವವರು ಬಂದರೆ ಚಹಾ ಕೊಟ್ಟು ಕಳುಹಿಸಿಬಿಡಿ. ಹಾಗೆ ಉಳಿಯುವುದಾದರೆ ಗಾಡಿ ಮಾಡುವ ಕಂಪನಿಯವರೇ ಅದನ್ನು ಹಾಕಿ ಕೊಡುತ್ತಿರಲಿಲ್ಲವೆ?

ಟೆಂಪೋ ಎಂಬ ಮಾತನ್ನು ಮೇಲೆ ಬಳಸಿದೆವು. ಅದು ಗಾಡಿಯ ಜಾತಿಯ ಹೆಸರಲ್ಲ, ಜರ್ಮನಿಯ ಒಂದು ಕಂಪನಿಯ ಗಾಡಿಗಳಿಗಿದ್ದ ಹೆಸರು. ಪುಣೆಯ ಬಜಾಜ್ ಟೆಂಪೋ ಕಂಪನಿ ಅದನ್ನು ಇಲ್ಲಿ ಮಾಡತೊಡಗಿದ ಮೇಲೆ ಮುಂಬಯಿಯಲ್ಲಿ ಸರಕಿನ ಸಣ್ಣ ಗಾಡಿಗೆಲ್ಲ ಅದೇ ಹೆಸರಾಯಿತು. ಅದೇ ಕಂಪನಿಯ ಮೆಟಡೋರ್ ವ್ಯಾನಿನ ಹೆಸರು ನಮ್ಮ ಊರ ಕಡೆ ವ್ಯಾನಿಗೆಲ್ಲ ಅಂಟಿಕೊಂಡಿತು. ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಾಯಿಸಿತು. ನಮ್ಮ ಬಾಯಿ ಬದಲಾಗಲಿಲ್ಲ.

ನಮ್ಮ ಚಾಲಕ ಬಂಧು ಸೋಮವಾರ ಲೆಕ್ಕದ ಹಾಳೆಯನ್ನು ಧಣಿಗಳಿಗೆ ಕೊಟ್ಟರು. ಧಣಿಗಳು ಎರಡು ಸಲ ನೋಡಿ, ಮಡಚಿ ಜೇಬಿಗೆ ಹಾಕಿಕೊಂಡರಂತೆ, ಏನೂ ಹೇಳಲಿಲ್ಲ. ಗೇಟಿನ ಸಾಲಿನಲ್ಲಿ ಎಂಜಿನ್ ಬಂದ್ ಮಾಡಿ, ಸಾಲು ಸರಿದಾಗ ಮಾತ್ರ ಹಚ್ಚುವ ಕ್ರಮ ಆ ದಿನದಿಂದಲೇ ಶುರುವಾಯಿತು. ಮೇ ತಿಂಗಳ ಕೊನೆಗೆ 1,700 ಕಿಲೋಮೀಟರಿಗೆ 157 ಲೀಟರು ಹೋಗಿತ್ತು, ಅಂದರೆ 10.8. ಹನ್ನೊಂದು ಮುಟ್ಟಲಿಲ್ಲ. ಆದರೆ ಆ ತಿಂಗಳು ಧಣಿಗಳು ಮತ್ತೆ ಕೇಳಲೂ ಇಲ್ಲ. ಉಳಿದ ಎರಡು ಸಾವಿರದಲ್ಲಿ ಚಾಲಕರಿಗೆ ಏನಾದರೂ ಸಿಕ್ಕಿತೆ ಎಂದು ನಾವು ವಿಚಾರಿಸಿದೆವು. “ಹೊಸ ಪುಸ್ತಕ ಒಂದು ಕೊಟ್ಟರು, ಗೆರೆ ಎಳೆದದ್ದು. ಇನ್ನು ಟ್ಯಾಂಕು ತುಂಬಿಸಿ ಬರೆ ಎಂದರು” ಎಂದು ನಕ್ಕರು. ಉಳಿತಾಯದಲ್ಲಿ ಕಾಲು ಪಾಲಾದರೂ ಓಡಿಸುವವನ ಕೈಗೆ ಬರಬೇಕೆಂಬುದು ನಮ್ಮ ಅಭಿಪ್ರಾಯ. ಈ ಪತ್ರಿಕೆಯನ್ನು ಓದುವ ಧಣಿಗಳೂ ಕೆಲವರಿದ್ದಾರೆ.

ಆ ಪುಸ್ತಕದ ಮಾದರಿಯಲ್ಲಿ ನಾವೂ ಹಾಳೆಗಳನ್ನು ಮಾಡಿಸಿದ್ದೇವೆ. ತಾರೀಕು, ಮೀಟರಿನ ಅಂಕಿ, ಹಾಕಿಸಿದ ಲೀಟರು, ಟ್ಯಾಂಕು ತುಂಬಿತೆ ಇಲ್ಲವೆ, ಗಾಡಿಗೆ ಮಾಡಿಸಿದ ಕೆಲಸ, ಆ ದಿನ ಕಾದ ಹೊತ್ತು, ಹೀಗೆ ಆರು ಕಲಮುಗಳು. ಕೊನೆಯ ಎರಡನ್ನು ಬಿಡದೆ ತುಂಬಬೇಕು. ಮಾರ್ಚಿನ ಸಂಗತಿ ಅವುಗಳಿಂದಲೇ ಸಿಕ್ಕಿದ್ದು. ಹಾಳೆಗಳು ಕನ್ನಡ ಪತ್ರಿಕೆಗಳ ಕಪಾಟಿನ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿವೆ, ಬೆಲೆಯಿಲ್ಲ. ಲೆಕ್ಕ ಮಾಡಿಸಿಕೊಳ್ಳಬೇಕಾದವರು ಶನಿವಾರ ರಾತ್ರಿ ಎಂಟರ ಮೇಲೆ ಚೀಟಿಗಳೊಂದಿಗೆ ಬರಬಹುದು. ಲೆಡ್ಜರಿನ ಸದಸ್ಯರು ಆ ಹೊತ್ತಿಗೆ ಇರುತ್ತಾರೆ.